ಒಂದೇ ತಂದೆಯ ಸಮಾಧಿಯ ಬಳಿ

ಅಬ್ರಹಾಮನು ತೀರಿಕೊಂಡಾಗ ಇಸಾಕನೂ ಇಷ್ಮಾಯೇಲನೂ ಒಟ್ಟಾಗಿ ಬಂದು ಆತನನ್ನು ಮಕ್ಪೇಲಾ ಗವಿಯಲ್ಲಿ ಹೂಳಿದರೆಂದು ಆದಿಕಾಂಡದಲ್ಲಿ ಓದುತ್ತೇವೆ. ಅಗಲಿದ್ದ ಅಣ್ಣತಮ್ಮಂದಿರನ್ನು ತಂದೆಯ ಮರಣವು ಒಂದೆಡೆ ಸೇರಿಸಿತ್ತು. ಆ ಗವಿಯು ಹೆಬ್ರೋನ್ ಪಟ್ಟಣದಲ್ಲಿದೆಯೆಂಬುದು ಯೆಹೂದ್ಯರಿಗೂ ಮುಸ್ಲಿಮರಿಗೂ ಸಮಾನವಾದ ನಂಬಿಕೆ.

ಅದೇ ಸ್ಥಳದಲ್ಲಿ, 1994ರ ಫೆಬ್ರವರಿ 25ರಂದು, ರಂಜಾನ್ ಮಾಸದ ಶುಕ್ರವಾರ ಬೆಳಗಿನ ನಮಾಜಿನ ವೇಳೆ, ಬಾರೂಖ್ ಗೋಲ್ಡ್‌ಸ್ಟೀನ್ ಎಂಬ ಯೆಹೂದಿ ವೈದ್ಯನು ಗುಂಡಿನ ಮಳೆಗರೆದು 29 ಮಂದಿ ಪ್ಯಾಲೆಸ್ಟೀನಿಯರನ್ನು ಕೊಂದನು. ಅಲ್ಲಿದ್ದವರು ಅವನನ್ನೂ ಬಡಿದು ಕೊಂದರು. ಸೇಡು ಅಲ್ಲಿಗೆ ತೀರಲಿಲ್ಲ. ನಲವತ್ತು ದಿನಗಳ ಶೋಕ ಮುಗಿಯುತ್ತಲೇ, ಏಪ್ರಿಲ್ 6ರಂದು, ಇಸ್ರೇಲಿನ ಅಫುಲಾದಲ್ಲಿ ಬಸ್ಸಿನ ಬಳಿ ಬಾಂಬು ಸಿಡಿದು ಎಂಟು ಮಂದಿ ಸತ್ತರು. ಇದು ಹೆಬ್ರೋನಿಗೆ ಪ್ರತೀಕಾರವೆಂದು ಹಮಾಸ್ ಸಾರಿತು. ಬಾಂಬು ತಯಾರಿಸುತ್ತಿದ್ದ ಯಾಹ್ಯಾ ಅಯ್ಯಾಶ್‌ನನ್ನು ಇಸ್ರೇಲ್ 1996ರ ಜನವರಿ 5ರಂದು ಮೊಬೈಲ್ ಫೋನಿನಲ್ಲಿ ಅಡಗಿಸಿಟ್ಟ ಸ್ಫೋಟಕದಿಂದ ಕೊಂದಿತು. ಹೆಬ್ರೋನಿನ ಹತ್ಯೆಗೆ ಸರಿಯಾಗಿ ಎರಡು ವರ್ಷ ತುಂಬಿದ ದಿನ, ಫೆಬ್ರವರಿ 25ರಂದು, ಜೆರುಸಲೇಮಿನ ಬಸ್ಸೊಂದರಲ್ಲಿ ಬಾಂಬು ಸಿಡಿದು 26 ಮಂದಿ ಹತರಾದರು.

ಸೇಡಿನ ಲೆಕ್ಕಪುಸ್ತಕಕ್ಕೆ ಮೊದಲ ಪುಟವೇ ಇಲ್ಲ. ಪ್ರತಿಯೊಂದು ಪಕ್ಷವೂ ಎದುರಾಳಿಯ ಏಟಿನಿಂದಲೇ ಎಣಿಕೆ ತೊಡಗುತ್ತದೆ. ತನ್ನದು ಬರಿಯ ಉತ್ತರವೆನ್ನುತ್ತದೆ. ಆದರೆ ಆ ಉತ್ತರವು ತಲುಪುವುದು ಯಾರನ್ನು? ಅಫುಲಾದಲ್ಲಿ ಸತ್ತವರಾರೂ ಹೆಬ್ರೋನಿನಲ್ಲಿ ಗುಂಡು ಹಾರಿಸಿದವರಲ್ಲ.

2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಸುಮಾರು 1,200 ಮಂದಿ ಹತರಾದರು. ಅದರ ಬೆನ್ನಿಗೇ ನಡೆದ ಯುದ್ಧದಲ್ಲಿ ಗಾಜಾದ 60,000ಕ್ಕೂ ಹೆಚ್ಚು ಮಂದಿ ಮಡಿದರೆಂದು ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕ. ನಿರಾಶ್ರಿತರು ತಂಗಿದ್ದ ಗಾಜಾದ ಪವಿತ್ರ ಕುಟುಂಬ ದೇವಾಲಯಕ್ಕೂ 2025ರ ಜುಲೈ 17ರಂದು ಇಸ್ರೇಲಿ ಶೆಲ್ ಬಡಿದು ಮೂವರು ತೀರಿಕೊಂಡರು.

‘ಕಣ್ಣಿಗೆ ಕಣ್ಣು’ ಎಂಬ ಹಳೆಯ ನಿಯಮವು ಸೇಡಿಗೆ ಹಾಕಿದ ಎಲ್ಲೆಯಾಗಿತ್ತು: ಒಂದು ಕಣ್ಣಿಗೆ ಒಂದೇ ಕಣ್ಣು, ಅದಕ್ಕಿಂತ ಹೆಚ್ಚಲ್ಲ. ಎಷ್ಟು ಸಲ ಕ್ಷಮಿಸಬೇಕೆಂದು ಕೇಳಿದ ಪೇತ್ರನಿಗೆ ಯೇಸುಸ್ವಾಮಿಯು ಎಣಿಕೆಯನ್ನೇ ಬಿಡಲು ಕಲಿಸಿದರು. ಇದು ಆಗದ ಮಾತೆಂದು ನಮಗೆ ತೋರಬಹುದು. ಆದರೆ ಯಿತ್ಜಾಕ್ ಫ್ರಾಂಕೆಂಥಲ್ ಎಂಬ ಇಸ್ರೇಲಿ ತಂದೆಯ ಮಗ ಆರಿಕ್‌ನನ್ನು 1994ರಲ್ಲಿ ಹಮಾಸ್ ಅಪಹರಿಸಿ ಕೊಂದಿತು. ಮರುವರ್ಷ ಆ ತಂದೆ, ಮಕ್ಕಳನ್ನು ಕಳೆದುಕೊಂಡ ಹೆತ್ತವರ ಸಂಘವೊಂದನ್ನು ಕಟ್ಟಿದರು. ಮುಂದೆ ಪ್ಯಾಲೆಸ್ಟೀನಿನ ಕುಟುಂಬಗಳೂ ಅದನ್ನು ಸೇರಿದವು. ಇವರು ನ್ಯಾಯವನ್ನು ಬಿಟ್ಟುಕೊಟ್ಟವರಲ್ಲ. ತಮ್ಮ ಮಕ್ಕಳ ಹೆಸರಿನಲ್ಲಿ ಇನ್ನೊಬ್ಬರ ಮಕ್ಕಳು ಸಾಯಬಾರದೆಂದವರು.

ಈ ಸಂಜೆ ಮನೆಮಂದಿಯೊಂದಿಗೆ ಜಪಸರಕ್ಕೆ ಕುಳಿತಾಗ ನಾವು ಯಾರ ಸತ್ತವರಿಗಾಗಿ ಪ್ರಾರ್ಥಿಸೋಣ? ಇಬ್ಬರ ಸತ್ತವರಿಗಾಗಿಯೂ, ಒಂದೇ ಉಸಿರಿನಲ್ಲಿ. ಆ ಗವಿಯ ಬಾಗಿಲಲ್ಲಿ ಅಂದು ನಿಂತಿದ್ದವರು ಇಬ್ಬರು ಶತ್ರುಗಳಲ್ಲ, ಒಬ್ಬ ತಂದೆಯ ಇಬ್ಬರು ಮಕ್ಕಳು.