ಹನ್ನೆರಡಡಿ ಗೋಡೆಯ ಲೆಕ್ಕ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳ ಪೈಕಿ ನಾಲ್ಕು. ಶಾಲೆಯ ಲೆಕ್ಕದಲ್ಲಿ ಈ ನಾಲ್ಕೇ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಕ್ಕಳು ಎಂಟನೇ ತರಗತಿಗೆ ಬರುತ್ತಿದ್ದಂತೆ ಇಲ್ಲಿನ ಮನೆಗಳಲ್ಲಿ ಏಳುವ ಮಾತು ಒಂದೇ: 'ಮೇಲೊಂದು ರೂಮ್ ಹಾಕಿಸಿಬಿಡೋಣ.' ಆ ಮಾತಿಗೆ ಮೊದಲು ಟೇಪು ಹಿಡಿದು ಕೆಳಗಿನ ನೆಲವನ್ನೊಮ್ಮೆ ಅಳೆಯಿರಿ ಅನ್ನುವುದಷ್ಟೇ ನನ್ನ ತಕರಾರು.

ಲೆಕ್ಕಕ್ಕೆ 30×40 ನಿವೇಶನದಲ್ಲಿ ಎಂಟು ಚದರದ ಒಂದು ಮನೆ ಇಟ್ಟುಕೊಳ್ಳೋಣ. ಹಾಲು 12×18, ಅಂದರೆ 216 ಚದರ ಅಡಿ. ಅದರಲ್ಲಿ ಟಿ.ವಿ., ಶೋಕೇಸು, ದಿವಾನ. ಉಳಿದದ್ದು ನೆಂಟರು ಬಂದ ದಿನಕ್ಕೆ ಮೀಸಲು. ಮಗಳು ಓದುವುದು ಅಡುಗೆಮನೆಯ ಬಾಗಿಲ ಪಕ್ಕ, ರಾಗಿ ಮೂಟೆಗೆ ಬೆನ್ನು ಕೊಟ್ಟು. 2011ರ ಜನಗಣತಿಯಲ್ಲಿ ದೇಶದ ಶೇ. 37.1ರಷ್ಟು ಕುಟುಂಬಗಳಿಗೆ ಇದ್ದದ್ದೇ ಒಂದು ಕೋಣೆ, ಇನ್ನು ಶೇ. 31.7ಕ್ಕೆ ಎರಡು. ಅವರೆದುರು ನಮ್ಮ ಎಂಟು ಚದರ ಶ್ರೀಮಂತಿಕೆಯೇ. ಕೊರತೆ ಇರುವುದು ಜಾಗದ್ದಲ್ಲ, ಅಡ್ಡಗೋಡೆಯದು.

ಹಾಲಿನ ಒಂದು ತುದಿಯಲ್ಲಿ ಎಂಟಡಿ ಬಿಟ್ಟು ಅಡ್ಡಗೋಡೆ ಎಬ್ಬಿಸಿದರೆ, ಗಾರೆ ಸೇರಿ ಐದಿಂಚು ಗೋಡೆಗೇ ಹೋಗುತ್ತದೆ. ಕೋಣೆಗೆ 91 ಚದರ ಅಡಿ, ಹಾಲಿಗೆ 120 ಉಳಿಯುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಎರಡನೇ ವಾಸದ ಕೋಣೆಗೆ ಕೇಳುವುದು ಕನಿಷ್ಠ 7.5 ಚದರ ಮೀಟರ್, ಅಂದರೆ 81 ಚದರ ಅಡಿ, ದೊಡ್ಡದಕ್ಕೆ 9.5 ಚದರ ಮೀಟರ್, 102 ಚದರ ಅಡಿ. ಎರಡೂ ಪಾಸು. ಒಣ ಸೆಖೆಯ ನಮ್ಮಂಥ ಕಡೆ ಕಿಟಕಿ ನೆಲದ ಹತ್ತನೇ ಒಂದು ಭಾಗ ಇರಬೇಕು. ಹೊಸ ಕೋಣೆಗೆ 3×3ಕ್ಕಿಂತ ತುಸು ದೊಡ್ಡದಾದ ಒಂದು ಕಿಟಕಿ ಸಾಕು, ಆದರೆ ಅದು ಹೊರಗೋಡೆಯಲ್ಲೇ ಇರಬೇಕು. ಇದ್ದ ಒಂದೇ ಕಿಟಕಿ ಕೋಣೆಗೆ ಸೇರಿ ಹಾಲು ಕತ್ತಲಾಗುವುದಾದರೆ ಈ ಇಡೀ ಲೆಕ್ಕ ಬಿಟ್ಟುಬಿಡಿ.

ಈಗ ಸಾಮಾನಿನ ಪಟ್ಟಿ. ಗೋಡೆ 12×10, ಬಾಗಿಲಿನ 21 ಚದರ ಅಡಿ ಕಳೆದರೆ 99. ನಾಲ್ಕಿಂಚಿನ ಸಿಮೆಂಟ್ ಬ್ಲಾಕು ಚದರ ಅಡಿಗೊಂದರಂತೆ, ಒಡೆದದ್ದೂ ಸೇರಿ 105. ಅದೇ ಇಟ್ಟಿಗೆಯಾದರೆ 450ರ ಮೇಲೆ. ಅಡಿಗೆ ಹಾಕುವ ಕಾಂಕ್ರೀಟು, ಕಟ್ಟುವ ಗಾರೆ, ಎರಡೂ ಕಡೆಯ ಪ್ಲಾಸ್ಟರಿಂಗು ಎಲ್ಲಕ್ಕೂ ನಾಲ್ಕು ಚೀಲ ಸಿಮೆಂಟು, ಸುಮಾರು 20 ಘನ ಅಡಿ ಎಂ-ಸ್ಯಾಂಡ್. ಟ್ರ್ಯಾಕ್ಟರಿನ ಕಾಲು ಲೋಡೂ ಬೇಡ. ಕ್ಯೂರಿಂಗಿಗೆ ಹೊತ್ತಿಗೆ ಎರಡು ಕೊಡದಂತೆ ದಿನಕ್ಕೆರಡು ಹೊತ್ತು, ಏಳು ದಿನಕ್ಕೆ 28 ಕೊಡ ನೀರು. ಪಾವಗಡದ ಕಡೆಯವರು ಇದನ್ನೂ ಖರ್ಚಿನ ಕಾಲಮ್ಮಿಗೇ ಬರೆದುಕೊಳ್ಳುತ್ತಾರೆ.

ದರ ಊರೂರಿಗೆ, ತಿಂಗಳು ತಿಂಗಳಿಗೆ ಬೇರೆ. ಅಂದಾಜಿಗೆ ಹೀಗೆ ಹಿಡಿಯೋಣ, ನಿಮ್ಮೂರಿನ ದರ ನೀವೇ ತುಂಬಿಕೊಳ್ಳಿ. ಬ್ಲಾಕು 35ರಂತೆ 3,675 ರೂಪಾಯಿ. ಸಿಮೆಂಟು 400ರಂತೆ 1,600. ಮರಳು 60ರಂತೆ 1,200. ಮೇಸ್ತ್ರಿ, ಆಳು ಐದು ದಿನಕ್ಕೆ 8,500. ಚೌಕಟ್ಟು ಸೇರಿ ಬಾಗಿಲು 9,000, ವೈರಿಂಗು 4,000, ಬಣ್ಣ 6,000. ಒಟ್ಟು 33,975. ಗೋಡೆಯ ಸಾಮಾನಿಗೆ 6,475, ಬಾಗಿಲೊಂದಕ್ಕೇ 9,000! 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕಿಳಿಯಿತಲ್ಲ, 400 ರೂಪಾಯಿ ಚೀಲದ ಮೇಲೆ ಅದರ ಪೂರ್ತಿ ಲಾಭ ಸಿಕ್ಕಿದರೂ ನಾಲ್ಕು ಚೀಲಕ್ಕೆ ಉಳಿಯುವುದು 125 ರೂಪಾಯಿ. ಬಡಗಿಯ ಹತ್ತಿರ ಚೌಕಾಸಿ ಮಾಡಿದರೆ ಅದಕ್ಕಿಂತ ಹೆಚ್ಚು ಗಿಟ್ಟುತ್ತದೆ.

ಮಹಡಿಯ ಮೇಲೆ 10×12 ಕೋಣೆ ಅಂದರೆ 1.2 ಚದರ. ಚದರಕ್ಕೆ ಎರಡು ಲಕ್ಷ ಹಿಡಿದರೂ 2,40,000, ಮೆಟ್ಟಿಲು ಬೇರೆ. ಆ ಕೋಣೆ ಎಷ್ಟು ವರ್ಷಕ್ಕೆ? ಇಲ್ಲಿ ತಾಲ್ಲೂಕಿಗೊಂದು ಉತ್ತರ. ಕೊರಟಗೆರೆಯಿಂದ ತುಮಕೂರು ಇಪ್ಪತ್ತೈದು ಕಿಲೋಮೀಟರ್ ಆಸುಪಾಸು, ಹುಡುಗಿ ಬಸ್ ಪಾಸಿನಲ್ಲೇ ಡಿಗ್ರಿ ಮುಗಿಸುತ್ತಾಳೆ. ಹದಿಮೂರರಿಂದ ಇಪ್ಪತ್ತೊಂದರವರೆಗೆ ಎಂಟು ವರ್ಷ. ಪಾವಗಡದಿಂದ ಸುಮಾರು ನೂರು ಕಿಲೋಮೀಟರ್, ಪಿಯುಸಿ ಮುಗಿದ ಕೂಡಲೇ ಹಾಸ್ಟೆಲು, ಐದೇ ವರ್ಷ. ಮಹಡಿ ಕೋಣೆ ಕೊರಟಗೆರೆಯವರಿಗೆ ವರ್ಷಕ್ಕೆ 30,000 ಬಿದ್ದರೆ ಪಾವಗಡದವರಿಗೆ 48,000. ಹಾಲಿನ ಗೋಡೆ ಕ್ರಮವಾಗಿ 4,250 ಮತ್ತು 6,800. ಮಧುಗಿರಿ, ಶಿರಾದವರು ಇವೆರಡರ ನಡುವೆ, ಮಕ್ಕಳು ಬಸ್ಸಿನ ಓಡಾಟ ಎಷ್ಟು ತಡೆಯುತ್ತಾರೆ ಅನ್ನುವುದರ ಮೇಲೆ. ಮಕ್ಕಳು ಹೊರಟ ಹೊತ್ತಿಗೆ ಅಜ್ಜಿಯ ಮಂಡಿ ಸವೆದಿರುತ್ತದೆ. ಆಕೆಗೆ ಬೇಕಾಗುವ ಕೋಣೆಯೂ ಕೆಳಗೇ.

ಇದಕ್ಕಿಂತ ಅಗ್ಗದ ಉಪಾಯ ಬಚ್ಚಲಿನಲ್ಲಿದೆ. ನಾಲ್ವರು, ತಲೆಗೆ ಹದಿನೈದು ನಿಮಿಷ, ಶಾಲೆ ವ್ಯಾನಿಗೆ ಮುಂಚೆ ಒಂದು ಗಂಟೆ ಹೋಯಿತು. 5×8ರ ಒಂದೇ ಬಾತ್‌ರೂಮಿಗೆ ಐದಡಿ ಉದ್ದದ ಗೋಡೆ ಎಬ್ಬಿಸಿ ಬಾಗಿಲು ಎರಡು ಮಾಡಿದರೆ ಇಬ್ಬರ ಕೆಲಸ ಒಟ್ಟಿಗೆ ನಡೆಯುತ್ತದೆ. ಏಳಡಿ ಎತ್ತರಕ್ಕೆ 35 ಬ್ಲಾಕು.

ಹಳೆಯ ಮಾಳಿಗೆ ಮನೆಯನ್ನು ಅಂಕಣದಲ್ಲಿ ಅಳೆಯುತ್ತಿದ್ದರು: ಐದಂಕಣ, ಒಂಬತ್ತಂಕಣ. ಭಾರವೆಲ್ಲ ಕಂಬ, ತೊಲೆಯದು. ನಡುವಿನ ಅಡ್ಡಗೋಡೆಯನ್ನು ಸಂಸಾರಕ್ಕೆ ತಕ್ಕಂತೆ ಎಬ್ಬಿಸಬಹುದಿತ್ತು, ಕೆಡವಬಹುದಿತ್ತು. ಈಗಿನ ಎಷ್ಟೋ ಮನೆಗಳಲ್ಲಿ ಪಿಲ್ಲರೇ ಇಲ್ಲ, ಗೋಡೆಯ ಮೇಲೇ ಮೋಲ್ಡು. ಆದ್ದರಿಂದ ಹೊಸ ಗೋಡೆ ಕಟ್ಟುವುದು ಸುಲಭ, ಇದ್ದದ್ದನ್ನು ಒಡೆಯುವುದು ಹಾಗಲ್ಲ. ಬಾಗಿಲ ಬಳಿ ಟೇಪು ಹಿಡಿಯಿರಿ: ಗೋಡೆ ಹತ್ತಿಂಚು ದಪ್ಪವಿದ್ದರೆ ಎಂಜಿನಿಯರು ಬಂದು ನೋಡುವವರೆಗೆ ಸುತ್ತಿಗೆ ಎತ್ತಬೇಡಿ.

ನಮ್ಮ ಹೊಸ ಗೋಡೆಯ ತೂಕ ಎರಡೂವರೆ ಟನ್ನಿನ ಹತ್ತಿರ, ಅಡಿಗೆ 200 ಕೆ.ಜಿ. ಟೈಲ್ಸಿನ ಮೇಲೆ ನೇರ ಕಟ್ಟಿದರೆ ನೆಲ ಬಿರಿಯಬಹುದು. ಒಂದಡಿ ಅಗಲದ ಪಟ್ಟಿ ತೆಗೆದು ಆರಿಂಚು ಕಾಂಕ್ರೀಟು ಹಾಕಿಸಿ. ಪಟ್ಟಿ ತೆಗೆಯುವಾಗ ಮೇಸ್ತ್ರಿಯ ದಾರ 2×2 ಟೈಲ್ಸಿನ ಒಂದೇ ಸಾಲಿನೊಳಗೆ ಬಂದರೆ ಹಾಳಾಗುವುದು ಆರು. ಎರಡು ಸಾಲಿನ ನಡುವೆ ಬಿದ್ದರೆ ಹನ್ನೆರಡು. ಮನೆ ಕಟ್ಟಿದಾಗ ಉಳಿದ ಟೈಲ್ಸಿನ ಬಾಕ್ಸು ಅಟ್ಟದ ಮೇಲೆ ಇದೆಯೇ ನೋಡಿಕೊಳ್ಳಿ, ಅಂಗಡಿಯಲ್ಲಿ ಅದೇ ಬಣ್ಣ ಈಗ ಸಿಗುವುದು ಕಷ್ಟ.