ಐದೂವರೆ ಲೀಟರ್ ನೀರಿನ ಲೆಕ್ಕ

ಎಂಜಿಬಿ ಕಾರಿನ ಎಂಜಿನ್ 1798 ಸಿಸಿ, ತಾಕತ್ತು 95 ಅಶ್ವಶಕ್ತಿ. ಅದನ್ನು ತಣ್ಣಗಿಡಬೇಕಾದ ನೀರು, ಹೀಟರಿನ ಪಾಲು ಬಿಟ್ಟರೆ, 5.4 ಲೀಟರ್ ಮಾತ್ರ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ಇಂಥ ಐದು ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಿದ್ದವು. ಉಳಿದಿರುವವುಗಳ ಮಾಲೀಕರು ಪದೇ ಪದೇ ಆಡುವ ದೂರು: ‘ಗಾಡಿ ಹೀಟ್ ಆಗ್ತಿದೆ.’ ದೂರು ಬಂದ ಕೂಡಲೇ ಹೊಸ ರೇಡಿಯೇಟರ್‌ಗೆ ಆರ್ಡರ್ ಹೋಗುತ್ತದೆ. ಎಷ್ಟು ಶಾಖ ಹುಟ್ಟುತ್ತಿದೆ, ಎಷ್ಟು ಹೊರಹೋಗುತ್ತಿದೆ ಎಂದು ಕಾಗದದ ಮೇಲೆ ಕೂಡಿ ಕಳೆದರೆ ಆ ಖರ್ಚು ಬಹಳ ಸಲ ಬೇಕಾಗುವುದೇ ಇಲ್ಲ.

ಸಿಗ್ನಲ್‌ನಲ್ಲಿ ನಿಂತ ಗಾಡಿಯಿಂದ ಶುರುಮಾಡೋಣ. ಐಡ್ಲಿಂಗ್‌ನಲ್ಲಿ ಗಂಟೆಗೆ ಒಂದು ಲೀಟರ್ ಪೆಟ್ರೋಲ್ ಸುಟ್ಟಿತೆಂದು ಹಿಡಿಯಿರಿ. ಒಂದು ಲೀಟರಿನಲ್ಲಿರುವ ಶಾಖ ಸುಮಾರು 32 ಮೆಗಾಜೂಲ್. ಅದರಲ್ಲಿ ಮೂರನೇ ಒಂದು ಪಾಲು ನೀರಿಗೆ ಸೇರಿದರೂ 3 ಕಿಲೋವ್ಯಾಟ್. ಬಚ್ಚಲುಮನೆಯ ಒಂದೂವರೆ ಗೀಸರ್ ಬಾನೆಟ್ಟಿನೊಳಗೆ ಉರಿಯುತ್ತಿದ್ದಂತೆ. ಈ ಶಾಖವನ್ನು ನುಂಗಿಕೊಳ್ಳಲು ಇರುವುದು ಆ ನೀರು ಮತ್ತು ಒಂದೂವರೆ ಕ್ವಿಂಟಲ್ ಎರಕದ ಕಬ್ಬಿಣ. ಎರಡೂ ಸೇರಿ ಒಂದು ಡಿಗ್ರಿ ಮೇಲೇರಲು 92 ಕಿಲೋಜೂಲ್ ಬೇಕು. ಹೊರಹೋಗುವ ದಾರಿ ಪೂರ್ತಿ ಮುಚ್ಚಿದ್ದರೆ ನಿಮಿಷಕ್ಕೆ 2 ಡಿಗ್ರಿಯಂತೆ ಏರುತ್ತದೆ. 82 ಡಿಗ್ರಿಯಲ್ಲಿದ್ದ ಗೇಜಿನ ಮುಳ್ಳು 110 ಮುಟ್ಟಲು 14 ನಿಮಿಷ ಸಾಕು.

ಹೆದ್ದಾರಿಯ ಲೆಕ್ಕವೇ ಬೇರೆ. ಅಲ್ಲಿ ನೀರಿಗೆ ಇಳಿಯುವ ಶಾಖ 20 ಕಿಲೋವ್ಯಾಟ್ ಆಸುಪಾಸು. ರೇಡಿಯೇಟರ್ ದಾಟುವಾಗ ನೀರು 6 ಡಿಗ್ರಿ ತಣ್ಣಗಾಗಬೇಕಾದರೆ ನಿಮಿಷಕ್ಕೆ 48 ಲೀಟರ್ ಹರಿಯಬೇಕು. ಅಂದರೆ ಅದೇ 5.4 ಲೀಟರ್ ಪ್ರತಿ ನಿಮಿಷ ಎಂಟೊಂಬತ್ತು ಸುತ್ತು ಹಾಕಬೇಕು. ಬೆಲ್ಟ್ ಕಿತ್ತು ಪಂಪ್ ನಿಂತಿತೋ, ನಿಮಿಷಕ್ಕೆ 13 ಡಿಗ್ರಿ. ಅದೇ ಬೆಲ್ಟ್ ಡೈನಮೋವನ್ನೂ ತಿರುಗಿಸುವುದರಿಂದ ಇಗ್ನಿಷನ್‌ನ ಕೆಂಪು ದೀಪ ಮುಳ್ಳಿಗಿಂತ ಮೊದಲು ಸುದ್ದಿ ಕೊಡುತ್ತದೆ. ದೀಪ ಕಂಡವರಿಗೆ ಬದಿಗೆ ಹಾಕಲು ಎರಡು ನಿಮಿಷ ಸಿಗುತ್ತದೆ, ಅಷ್ಟೇ.

ಆದ್ದರಿಂದ ಮೆಕ್ಯಾನಿಕ್ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವಾಗ ಹೀಟ್ ಆಗುತ್ತೆ?’ ನಿಂತಾಗ ಏರಿ, ಓಡಿದಾಗ ಇಳಿದರೆ ಗಾಳಿ ಸಾಲುತ್ತಿಲ್ಲ: ಫ್ಯಾನ್, ಬೆಲ್ಟ್ ನೋಡಿ. ಬೆಲ್ಟಿನ ಅತಿ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಆಡಬೇಕು. ನಿಂತಾಗ ಸರಿಯಿದ್ದು ವೇಗ ಹೆಚ್ಚಿದಂತೆ ಏರಿದರೆ ನೀರಿನ ದಾರಿ ಕಟ್ಟಿದೆ. ಆ ಪ್ರಶ್ನೆಗೂ ಮುನ್ನ ಮುಳ್ಳನ್ನೇ ನಂಬಬಹುದೇ ಎಂದು ತಿಳಿಯಬೇಕು. ಹಳೆಯ ಎಂಜಿಬಿಯ ಗೇಜಿನ ಬುಡ್ಡಿಯನ್ನು, ಕೂದಲೆಳೆಯಂಥ ಕೊಳವೆ ಮುರಿಯದಂತೆ ಕಳಚಿ, ಕುದಿಯುವ ನೀರಿನಲ್ಲಿ ಅದ್ದಿ. ಮಂಗಳೂರಿನಲ್ಲಿ 100 ತೋರಿಸಬೇಕು, ಎತ್ತರದಲ್ಲಿರುವ ಬೆಂಗಳೂರಿನಲ್ಲಿ 97. ಬೆಂಗಳೂರಿನಲ್ಲಿ 110 ತೋರಿಸಿದರೆ ಕಾಯಿಲೆ ಗೇಜಿನದು.

ಹವೆಯ ಪಾಲು ಎಷ್ಟು? ರೇಡಿಯೇಟರ್ ಬಿಟ್ಟುಕೊಡುವ ಶಾಖ ನೀರು ಮತ್ತು ಗಾಳಿಯ ನಡುವಿನ ಅಂತರಕ್ಕೆ ತಕ್ಕಷ್ಟು. 20 ಡಿಗ್ರಿಯ ಇಂಗ್ಲೆಂಡಿನಲ್ಲಿ 90 ಡಿಗ್ರಿಯ ನೀರಿಗೆ 70ರ ಅಂತರ. ಏಪ್ರಿಲ್‌ನ ಬೆಂಗಳೂರು 36 ಇದ್ದರೆ 54. ಮೇ ತಿಂಗಳ ಕಲಬುರಗಿ 42 ಇದ್ದರೆ 48. ಅದೇ ರೇಡಿಯೇಟರ್ ಬೆಂಗಳೂರಿನಲ್ಲಿ ಶೇ 23, ಕಲಬುರಗಿಯಲ್ಲಿ ಶೇ 31 ಕಡಿಮೆ ಕೆಲಸ ಮಾಡುತ್ತದೆ. ಇದು ಕಂಪನಿಗೂ ಗೊತ್ತಿತ್ತು: ಸಾಧಾರಣ ಹವೆಗೆ 82 ಡಿಗ್ರಿಯ ಥರ್ಮೋಸ್ಟಾಟ್, ಬಿಸಿ ದೇಶಗಳಿಗೆ 74ರದ್ದು, ಚಳಿ ದೇಶಗಳಿಗೆ 88ರದ್ದು.

ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಹೆಚ್ಚು ಅನುಮಾನ ಇರುವುದು ರೇಡಿಯೇಟರಿನ ಮುಚ್ಚಳದ ಮೇಲೆ. 10 ಪಿಎಸ್‌ಐ ಮುಚ್ಚಳ ಒತ್ತಡ ಹಿಡಿದರೆ ಬೆಂಗಳೂರಿನಲ್ಲಿ ನೀರು ಕುದಿಯುವುದು 113 ಡಿಗ್ರಿಗೆ. ಒಳಗಿನ ರಬ್ಬರ್ ಒಣಗಿ ಸ್ಪ್ರಿಂಗ್ ಸೋತಿದ್ದರೆ 97ಕ್ಕೇ. ಊಟಿಯ 2,240 ಮೀಟರ್ ಎತ್ತರದಲ್ಲಿ ಅದು 93ರ ಹತ್ತಿರ; 82ಕ್ಕೆ ತೆರೆಯುವ ಥರ್ಮೋಸ್ಟಾಟಿಗೂ ಕುದಿಗೂ ನಡುವೆ ಉಳಿಯುವುದು ಹನ್ನೊಂದೇ ಡಿಗ್ರಿ. ಘಾಟಿ ಹತ್ತಿದ ಮೇಲೆ ಹಬೆ ಬಂತೆಂದು ಎಂಜಿನ್ನನ್ನು ಬೈಯುವವರು ಮುಚ್ಚಳ ತಿರುವಿ ನೋಡಿರುವುದಿಲ್ಲ. ಬಿಸಿಯಿದ್ದಾಗ ತಿರುವುವುದೂ ಬೇಡ. 113 ಡಿಗ್ರಿಯ ನೀರಿನ ಒತ್ತಡ ಏಕಾಏಕಿ ಬಿಟ್ಟರೆ ಸುಮಾರು ಶೇ 3ರಷ್ಟು ತಕ್ಷಣ ಆವಿಯಾಗುತ್ತದೆ: ಒಂದು ಲೋಟ ತುಂಬದಷ್ಟು ನೀರು 250 ಲೀಟರಿಗೂ ಮೀರಿದ ಹಬೆಯಾಗಿ ಮುಖಕ್ಕೆ ಬರುತ್ತದೆ.

ನಮ್ಮ ಕಡೆ ಇನ್ನೊಂದು ತೊಂದರೆ ಬೋರ್‌ವೆಲ್ ನೀರು. ಗೋಡೆಗೆ ಕಟ್ಟುವ ಸುಣ್ಣದ ಒಂದು ಮಿಲಿಮೀಟರ್ ಪೊರೆ, ಶಾಖ ತಡೆಯುವುದರಲ್ಲಿ, ಎರಡು ಸೆಂಟಿಮೀಟರಿಗಿಂತ ದಪ್ಪದ ಕಬ್ಬಿಣಕ್ಕೆ ಸಮ. ತುಕ್ಕಿನ ಕೆಸರು ಕೂರುವುದು ಬ್ಲಾಕಿನ ಹಿಂಬದಿ, ನಾಲ್ಕನೇ ಸಿಲಿಂಡರಿನ ಸುತ್ತ. ಕೆಳಗಿನ ಹೋಸ್ ಬಿಚ್ಚಿ ‘ನೀರು ಬದಲಾಯಿಸಿದೆ’ ಎಂದರೆ ಆ ಕೆಸರು ಅಲ್ಲೇ ಇರುತ್ತದೆ. ಬ್ಲಾಕಿನ ಪಕ್ಕದ ನಲ್ಲಿ ತೆಗೆದು, ಅದು ಹರಿಯದಿದ್ದರೆ ತಂತಿ ಹಾಕಿ ಕೆದಕಬೇಕು. ತುಂಬಲು ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್. ಅರ್ಧಕ್ಕರ್ಧ ಗ್ಲೈಕಾಲ್ ಬೆರೆಸಿದರೆ ಲೀಟರಿಗೆ ಹೊರುವ ಶಾಖ ಹತ್ತರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಹಿಮಗಟ್ಟುವ ಭಯವಿಲ್ಲದ ನಮಗೆ ಕಾಲು ಭಾಗ ಸಾಕು. ಬೇಕಿರುವುದು ತುಕ್ಕು ತಡೆ.

ಅಂಬಾಸಡರ್ ಬಿಚ್ಚಿ ಪಳಗಿದ ಕೈಗೆ ಈ ಎಂಜಿನ್ ಹೊಸತಲ್ಲ. ಅಂಬಾಸಡರ್‌ನ 1489 ಸಿಸಿ ಎಂಜಿನ್ ಇದೇ ಬಿ-ಸೀರೀಸ್ ವಂಶದ್ದು. ಎರಡರ ಸ್ಟ್ರೋಕ್ ಒಂದೇ, 88.9 ಮಿ.ಮೀ.; ಬೋರ್ ಮಾತ್ರ 73ರಿಂದ 80.26ಕ್ಕೆ ಅಗಲವಾಗಿ ಸಿಲಿಂಡರುಗಳ ನಡುವೆ ನೀರಿನ ಜಾಗ ಕಿರಿದಾಯಿತು. ಅಂಬಾಸಡರ್ ಕಾಲದ ಒಂದು ಚಾಳಿಯೂ ಜೊತೆಗೆ ಬಂದಿದೆ, ಥರ್ಮೋಸ್ಟಾಟ್ ಕಿತ್ತೆಸೆಯುವುದು. ಲೆಕ್ಕ ಹಾಕಿ: 82ರ ಬದಲು 65ರಲ್ಲಿ ಓಡುತ್ತಿದ್ದ ಗಾಡಿ ಸಿಗ್ನಲ್‌ನಲ್ಲಿ ನಿಂತರೆ ಸಿಗುವ ಲಾಭ 17 ಡಿಗ್ರಿ, ಅಂದರೆ ಎಂಟೂವರೆ ನಿಮಿಷ. ಆಮೇಲೆ ಅದೇ ಹಬೆ. ಜೊತೆಗೆ ತಣ್ಣಗೆ ಓಡುವ ಎಂಜಿನ್ನಿನ ಸವೆತ ಬೇರೆ.

ಶಾಖ ಹೆಚ್ಚಲು ಇಗ್ನಿಷನ್ ಟೈಮಿಂಗ್ ಕೂಡ ಕಾರಣವಾಗಬಹುದು; ಅದನ್ನು ನೋಡಲು ಒಂದು ಬಲ್ಬ್ ಸಾಕು, ದುಡ್ಡು ಬೇಡ. ಮೊದಮೊದಲ ಎಂಜಿಬಿಗಳಲ್ಲಿ, ಎಂಜಿನ್ ನಿಲ್ಲಿಸಿ ನೋಡಿದಾಗ, ಪಿಸ್ಟನ್ ತುದಿ ಮುಟ್ಟುವ 10 ಡಿಗ್ರಿ ಮುಂಚೆ ಕಿಡಿ ಹಾರಬೇಕು. ಕಿಡಿ ಹಿಂದೆ ಬಿದ್ದಿದ್ದರೆ ಉರಿ ತಡವಾಗಿ ಶಾಖ ಹೆಡ್ಡಿಗೆ ಬಡಿಯುತ್ತದೆ.

ವಿದ್ಯುತ್ ಫ್ಯಾನ್ ಹಾಕಿಸುವವರು ಕರೆಂಟಿನ ಲೆಕ್ಕ ಮರೆಯುತ್ತಾರೆ. ಕಂಪನಿ ಅದನ್ನು ಕೊಟ್ಟದ್ದು 1977ರ ಮಾದರಿಯಿಂದ, ಆಲ್ಟರ್ನೇಟರ್ ಬಂದ ಎಷ್ಟೋ ವರ್ಷದ ಮೇಲೆ. 1967ಕ್ಕೂ ಹಿಂದಿನ ಗಾಡಿಯ ಡೈನಮೋ ಪೂರ್ತಿ ದುಡಿದರೂ 22 ಆಂಪಿಯರ್. ಹೆಡ್‌ಲೈಟಿಗೆ 8, ಇಗ್ನಿಷನ್‌ಗೆ 3–4, ಫ್ಯಾನ್‌ಗೆ 8–10: ಆಗಲೇ ಮುಗಿಯಿತು. ಅದೂ ಐಡ್ಲಿಂಗ್‌ನಲ್ಲಿ, ಫ್ಯಾನ್ ಬೇಕಾದ ಹೊತ್ತಿನಲ್ಲೇ, ಡೈನಮೋ ಕೊಡುವುದು ಹೆಚ್ಚುಕಡಿಮೆ ಸೊನ್ನೆ.

ಖರ್ಚಿಗೆ ಬಂದರೆ, ಬ್ರಿಟನ್ನಿನ ಬಿಡಿಭಾಗದ ಅಂಗಡಿಗಳಲ್ಲಿ ಮುಚ್ಚಳ, ಥರ್ಮೋಸ್ಟಾಟ್, ಬೆಲ್ಟ್ ತಲಾ 10 ಪೌಂಡ್ ಆಸುಪಾಸು, ಹೋಸ್‌ಗಳ ಸೆಟ್ ಸುಮಾರು 30. ಒಟ್ಟು 60; ಪೌಂಡಿಗೆ 115 ರೂಪಾಯಿ ಹಿಡಿದರೆ 6,900. ಹೊಸ ರೇಡಿಯೇಟರ್ 200 ಪೌಂಡ್, 23,000 ರೂಪಾಯಿ. ಸಾಗಣೆ, ಸುಂಕ ಮೇಲಿನ ಮಾತು. ಭಾರವಾದ ರೇಡಿಯೇಟರಿಗೆ ಅದೇ ಹೆಚ್ಚು ಕುಟುಕುತ್ತದೆ. ಹಳೆಯದು ತಾಮ್ರ-ಹಿತ್ತಾಳೆಯದಾದರೆ ಮೇಲಿನ ಟ್ಯಾಂಕ್ ಬೆಸುಗೆ ಬಿಡಿಸಿ, ಕೊಳವೆಗಳಿಗೆ ಸರಳು ತೂರಿಸಿ ರಾಡಿಂಗ್ ಮಾಡಿಕೊಡುವವರು ಊರಲ್ಲೇ ಸಿಗುತ್ತಾರೆ.

ಇಷ್ಟಾದ ಮೇಲೂ ಏರಿದರೆ, ತಣ್ಣಗಿರುವಾಗ ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿ ನೀರನ್ನು ನೋಡುತ್ತ ನಿಲ್ಲಿ. ಮೊದಲ ಕೆಲವು ಗುಳ್ಳೆ ಸಿಕ್ಕಿಕೊಂಡ ಗಾಳಿಯದು. ಎಕ್ಸಲರೇಟರ್ ಒತ್ತಿದಷ್ಟೂ ಗುಳ್ಳೆ ಹೆಚ್ಚಿದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಲೇಬೇಕು. ಹಾಗೆಯೇ ಓಡಿಸಿ ಹೆಡ್ ಬಿರುಕು ಬಿಟ್ಟು ಪಿಸ್ಟನ್ ಹಿಡಿದರೆ ಪೂರ್ತಿ ಎಂಜಿನ್ ಕೆಲಸಕ್ಕೆ ಬ್ರಿಟನ್ನಿನಲ್ಲಿ 3,000 ಪೌಂಡಿನಿಂದ ಮೇಲೆ, ಅಂದರೆ ಮೂರೂವರೆ ಲಕ್ಷ ರೂಪಾಯಿಯ ಹತ್ತಿರ.