ನೂರು ಮೈಲಿ ಬೆಟ್ಟದ ದಾರಿ, ಕುದುರೆಯದೇ ಕೊನೆಯ ಮಾತು

ಬೆಳಗಿನ ಜಾವ ಐದೂಕಾಲು ಗಂಟೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಟ್ರಕೀ ಎಂಬ ಊರಿನ ಬಳಿ, ಪೈನ್ ಮರಗಳ ನಡುವೆ, ನೂರಕ್ಕೂ ಹೆಚ್ಚು ಸವಾರರು ಕುದುರೆಯೇರಿ ನಿಂತಿರುತ್ತಾರೆ. ಮರುದಿನ ಬೆಳಿಗ್ಗೆ ಇದೇ ಹೊತ್ತಿನೊಳಗೆ ಅವರು ಸಿಯೆರಾ ನೆವಾಡ ಬೆಟ್ಟಸಾಲನ್ನು ದಾಟಿ ಆಬರ್ನ್ ಪಟ್ಟಣ ಸೇರಬೇಕು. ದೂರ 100 ಮೈಲಿ, ಅಂದರೆ 160 ಕಿಲೋಮೀಟರು. ಟೆವಿಸ್ ಕಪ್ ಎಂದು ಈ ಸವಾರಿಗೆ ಹೆಸರು.

ಇದು ಶುರುವಾದದ್ದು 1955ರಲ್ಲಿ. ಈಗಿನ ಕುದುರೆಗಳಿಗೆ ಹಿಂದಿನ ಕಸುವು ಎಲ್ಲಿದೆ ಎನ್ನುವವರಿಗೆ ಉತ್ತರ ಕೊಡಲು ಆಬರ್ನಿನ ಮರದ ವ್ಯಾಪಾರಿ ವೆಂಡೆಲ್ ರೋಬಿ ಕೆಲವರು ಸ್ನೇಹಿತರೊಡನೆ ಹೊರಟರು. ದಾರಿ ಹೊಸದಲ್ಲ. ಚಿನ್ನ ಬೆಳ್ಳಿಯ ಗಣಿಗಳ ಕಾಲದಲ್ಲಿ ಜನರೂ ಹೇರು ಹೊತ್ತ ಪ್ರಾಣಿಗಳೂ ತುಳಿದು ಮಾಡಿದ ಕಾಲುದಾರಿ ಅದು. ರೋಬಿ ಒಂದೇ ದಿನದಲ್ಲಿ ಆಬರ್ನ್ ಮುಟ್ಟಿದರು. ಅಂದಿನಿಂದ ಇದು ವರ್ಷ ವರ್ಷದ ಸವಾರಿಯಾಯಿತು. ರಾತ್ರಿಯ ದಾರಿ ಕಾಣಲೆಂದು ಹುಣ್ಣಿಮೆಯ ಆಸುಪಾಸಿನ ದಿನವನ್ನು ಗೊತ್ತುಮಾಡುವುದು ವಾಡಿಕೆ.

ಈ ದಾರಿಯಲ್ಲಿ ಏರುವುದಕ್ಕಿಂತ ಇಳಿಯುವುದೇ ಹೆಚ್ಚು. ತುಂಬಿದ ಗಾಡಿ ಹೂಡಿ ಘಾಟಿ ಇಳಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಭಾರವೆಲ್ಲ ಮುಂಗಾಲಿನ ಮೇಲೆ ಬೀಳುತ್ತದೆ. ಕೆಲವು ಕಡೆ ಒಂದು ಕುದುರೆಗಷ್ಟೇ ಜಾಗ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಮರಿ. ಮಧ್ಯಾಹ್ನ ಕೊರಕಲು ಕಣಿವೆಗಳಲ್ಲಿ ಗಾಳಿಯಾಡದ ಸೆಖೆ. ಬಲ್ಲ ಸವಾರರು ಇಳಿಜಾರಿನಲ್ಲಿ ಜೀನಿನಿಂದಿಳಿದು ನಡೆಯುತ್ತಾರೆ. ಕಡಿದಾದ ಏರಿನಲ್ಲಿ ಕುದುರೆಯನ್ನು ಮುಂದೆ ಬಿಟ್ಟು, ಅದರ ಬಾಲ ಹಿಡಿದು ಹಿಂದೆ ಹತ್ತುವವರೂ ಉಂಟು. ನೋಡಲು ನಗು ಬರಬಹುದು, ಆದರೆ ಬೆನ್ನಿನ ಭಾರ ಅಷ್ಟು ಹೊತ್ತು ಇಳಿದಂತಾಯಿತಲ್ಲ!

ದಾರಿಯುದ್ದಕ್ಕೂ ಪಶುವೈದ್ಯರ ತಪಾಸಣೆ ಕಟ್ಟೆಗಳಿವೆ. ಎಷ್ಟು ಬೇಗ ಬಂದಿರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮೊದಲು ನಾಡಿ. ಸುಮ್ಮನೆ ನಿಂತ ಕುದುರೆಯ ನಾಡಿ ನಿಮಿಷಕ್ಕೆ ಸುಮಾರು 30ರಿಂದ 40. ಏರು ಹತ್ತಿ ಬಂದಾಗ ಅದು ನೂರನ್ನೂ ದಾಟಬಹುದು. ಗೊತ್ತಾದ ಹೊತ್ತಿನೊಳಗೆ 60ರ ಆಸುಪಾಸಿಗೆ ಇಳಿಯದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಆಮೇಲೆ ಕತ್ತಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಡುತ್ತಾರೆ. ಮಡಿಕೆ ಕೂಡಲೇ ಮಾಯವಾಗದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಭೇದಿಯಿಂದ ನಿತ್ರಾಣವಾದ ಕರುವನ್ನು ನಮ್ಮ ಪಶುವೈದ್ಯರು ನೋಡುವುದೂ ಹೀಗೆಯೇ. ವಸಡನ್ನು ಒತ್ತಿ ಕೆಂಪು ಎಷ್ಟು ಬೇಗ ಮರಳುತ್ತದೆಂದು ನೋಡುತ್ತಾರೆ. ಹೊಟ್ಟೆಗೆ ಕೊಳವೆಯಿಟ್ಟು ಕರುಳಿನ ಸದ್ದು ಆಲಿಸುತ್ತಾರೆ. ಕೊನೆಗೆ ಹಗ್ಗ ಹಿಡಿದು ನಾಲ್ಕು ಮಾರು ಓಡಿಸುತ್ತಾರೆ. ಹೆಜ್ಜೆಯಲ್ಲಿ ಕುಂಟು ಕಂಡರೆ ಸವಾರಿ ಅಲ್ಲಿಗೇ ಮುಗಿಯಿತು.

ರಾಬಿನ್ಸನ್ ಫ್ಲಾಟ್ ಮತ್ತು ಫಾರೆಸ್ಟ್‌ಹಿಲ್ ಎಂಬ ಎರಡು ಕಡೆ ಒಂದೊಂದು ಗಂಟೆಯ ಕಡ್ಡಾಯ ವಿಶ್ರಾಂತಿ. ಜೀನು ಸಡಿಲಿಸಿ, ಕತ್ತಿಗೂ ಎದೆಗೂ ನೀರೆರಚುತ್ತಾರೆ. ಒಣಹುಲ್ಲು, ನಮ್ಮಲ್ಲಿ ಕುದುರೆಮಸಾಲೆ ಎನ್ನುವ ಮೇವು, ನೆನೆಸಿದ ಕಾಳು ಕೊಡುತ್ತಾರೆ. ಬೆವರಿನಲ್ಲಿ ಹೋದ ಉಪ್ಪನ್ನೂ ತುಂಬಿಕೊಡಬೇಕು. ಬೆವರಿದ ಕುದುರೆಗೆ ನೀರು ತೋರಿಸಬಾರದೆಂಬ ಹಳೆಯ ನಂಬಿಕೆಯನ್ನು ಇವರು ಬಿಟ್ಟಿದ್ದಾರೆ. ಸಿಕ್ಕ ಹಳ್ಳದಲ್ಲೆಲ್ಲ ಕುಡಿಯಲು ಬಿಡುತ್ತಾರೆ.

ಹೊರಟವುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಆಬರ್ನ್ ತಲುಪುತ್ತವೆ. ತಲುಪಿದ ಮೇಲೂ ತಪಾಸಣೆ ಇದೆ. ಅದರಲ್ಲಿ ತೇರ್ಗಡೆಯಾದರೆ ಸವಾರನಿಗೆ ಬೆಳ್ಳಿಯ ಬಕಲು. ಮೊದಲು ಮುಟ್ಟಿದವರಿಗೆ ಟೆವಿಸ್ ಕಪ್. ಮೊದಲ ಹತ್ತು ಕುದುರೆಗಳ ಪೈಕಿ ಒಳ್ಳೆಯ ದೇಹಸ್ಥಿತಿಯಲ್ಲಿರುವುದಕ್ಕೆ ಹ್ಯಾಗಿನ್ ಕಪ್ ಎಂಬ ಬೇರೆ ಬಹುಮಾನ. ಸವಾರರಲ್ಲಿ ಹಲವರು ಎರಡನೆಯದನ್ನೇ ಹೆಚ್ಚೆಂದು ಎಣಿಸುತ್ತಾರೆ. ನಮಗೂ ಅದೇ ಸರಿಯೆನ್ನಿಸುತ್ತದೆ.

1973ರಲ್ಲಿ ಗಾರ್ಡಿ ಐನ್ಸ್‌ಲೀ ಎಂಬ ಸವಾರನ ಕುದುರೆ ರಾಬಿನ್ಸನ್ ಫ್ಲಾಟಿನಲ್ಲಿ ಕುಂಟಿತು. ಆತ ಅಲ್ಲಿಗೇ ನಿಲ್ಲಿಸಬೇಕಾಯಿತು. ಮರುವರ್ಷ, 1974ರಲ್ಲಿ, ಆತ ಕುದುರೆಯಿಲ್ಲದೆ ಬಂದ. ಸವಾರರ ಜೊತೆಯಲ್ಲೇ ಕಾಲ್ನಡಿಗೆಯಲ್ಲಿ ಓಡಲು ನಿಂತು, ಅದೇ ಬೆಟ್ಟ, ಅದೇ ಕಣಿವೆ ದಾಟಿ 23 ಗಂಟೆ 42 ನಿಮಿಷದಲ್ಲಿ ಆಬರ್ನ್ ಮುಟ್ಟಿದ. ಈಗ ಆ ದಾರಿಯಲ್ಲಿ ಮನುಷ್ಯರಿಗೂ ಬೇರೆಯಾಗಿ ವರ್ಷಕ್ಕೊಂದು ನೂರು ಮೈಲಿ ಓಟವಿದೆ; ಅಲ್ಲಿಯೂ 24 ಗಂಟೆಯೊಳಗೆ ಬಂದವರಿಗೆ ಬೆಳ್ಳಿಯ ಬಕಲನ್ನೇ ಕೊಡುತ್ತಾರೆ.